ಮೊದಲು ಕೂತು ಉಣ್ಣಲಿ

ಹೆಂಗಸರ ವಾರ್ಡಿನ ಹಿರಿಯ ನರ್ಸಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟಿದ್ದ ಹೆಸರು ಗುಡುಗಕ್ಕ. ಎದುರಿಗೆ ಮಾತ್ರ ಬರೀ ಅಕ್ಕ. ಆಕೆಯ ದನಿ ಎದ್ದಿತೆಂದರೆ ಗಾಢ ನಿದ್ದೆಯಲ್ಲಿದ್ದ ರೋಗಿಯೂ ಮಾತ್ರೆ ನುಂಗಲು ಎದ್ದು ಕೂರುತ್ತಿದ್ದಳು.

ಮನೆಗೆ ಹೊರಟ ರೋಗಿಗಳಿಗೆ ಪಥ್ಯ ಹೇಳುವ ಕೆಲಸ ಆಕೆಯದೇ. ಉಪ್ಪು ಕಮ್ಮಿ ಮಾಡಿ, ಸೊಪ್ಪು ಕಾಳು ತಿನ್ನಿ, ದಿನಾ ನಡೀರಿ ಅಂತ ಗಂಟಲು ಹರಿದುಕೊಂಡು ಹೇಳುತ್ತಿದ್ದಳು. ಎಲ್ಲರೂ ತಲೆಯಾಡಿಸುತ್ತಿದ್ದರು. ಆಕೆ ಬೆನ್ನು ತಿರುಗಿಸಿದ್ದೇ ತಡ, ಮಂಚದ ಕೆಳಗಿನಿಂದ ಕರಿದ ತಿಂಡಿಯ ಪೊಟ್ಟಣ ಹೊರಬರುತ್ತಿತ್ತು. ಮನೆಯಲ್ಲೂ ಅದೇ ಕಥೆ. ಟೈಲರ್ ಗಂಡ ಹೊಲಿಗೆ ಮಿಷಿನ್ ಮುಂದೆ ಕೂತೂ ಕೂತೂ ಹೊಟ್ಟೆ ಬೆಳೆಸಿದ್ದ. ಒಂದು ಸುತ್ತು ನಡೆದು ಬನ್ನಿ ಅಂದರೆ, "ನಿನ್ನ ಪಾಠ ಆಸ್ಪತ್ರೇಲೇ ಬಿಟ್ಟು ಬಾರೇ" ಅನ್ನುತ್ತಿದ್ದ.

ಆ ವರ್ಷ ಸಿಬ್ಬಂದಿಗೂ ಆರೋಗ್ಯ ತಪಾಸಣೆ ಮಾಡಿಸಿದರು. ನರ್ಸುಗಳಲ್ಲಿ ಒಬ್ಬಳಿಗೆ ಬಿ.ಪಿ., ಇನ್ನೊಬ್ಬಳಿಗೆ ರಕ್ತ ಕಮ್ಮಿ, ಹೆಚ್ಚಿನವರಿಗೆ ಬೆನ್ನುನೋವು. ಅಕ್ಕನಿಗೆ ಶುಗರ್. ಊರಿಗೆಲ್ಲ ಪಥ್ಯ ಹೇಳುವವಳಿಗೇ ಹೀಗಾಯಿತಲ್ಲ ಅಂತ ಆಕೆಗೆ ನಾಚಿಕೆ. ನಾಚಿಕೆಗಿಂತ ಹೆಚ್ಚು ಸಿಟ್ಟು.

ಆಸ್ಪತ್ರೆಯ ಮ್ಯಾನೇಜರ್ ಕೆಟ್ಟವನೇನಲ್ಲ, ಉತ್ಸಾಹ ಸ್ವಲ್ಪ ಜಾಸ್ತಿ. ಡ್ಯೂಟಿ ಮುಗಿದ ಮೇಲೆ ನರ್ಸುಗಳೆಲ್ಲ ವ್ಯಾಯಾಮದ ಕ್ಲಾಸಿಗೆ ಬರಲೇಬೇಕು ಅಂತ ಆರ್ಡರ್ ಹಾಕಿದ. ಸಾಲದು ಅಂತ, ನರ್ಸುಗಳು ಲಿಫ್ಟ್ ಹತ್ತುವ ಹಾಗಿಲ್ಲ, ಮೆಟ್ಟಿಲು ಆರೋಗ್ಯಕ್ಕೆ ಒಳ್ಳೇದು ಅಂತ ಗೋಡೆಗೆ ಚೀಟಿ ಅಂಟಿಸಿದ.

ಅಕ್ಕನ ಮೈಯೆಲ್ಲ ಉರಿದುಹೋಯಿತು. "ಬೆಳಗಿಂದ ನಿಂತ ಕಾಲ ಮೇಲೇ ನಿಂತಿರ್ತೀವಿ. ಇನ್ನು ಕುಣೀಬೇಕಂತೆ!" ಅಂತ ಗೊಣಗಿದಳು. ಆದರೂ ಹುಡುಗಿಯರನ್ನು ಕರೆದುಕೊಂಡು ಕ್ಲಾಸಿಗೆ ಹೋದಳು.

ಕಲಿಸಲು ಬಂದವಳು ಚುರುಕಾದ ತರುಣಿ. ಕೈ ಮೇಲೆ, ಕೈ ಕೆಳಗೆ, ಈಗ ಜಿಗೀರಿ ಅಂದಳು. ಎಲ್ಲರೂ ಹಲ್ಲು ಕಚ್ಚಿಕೊಂಡು ಜಿಗಿದರು. ಮುಂದಿನ ಸಾಲಿನಲ್ಲಿದ್ದ, ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಇದ್ದಕ್ಕಿದ್ದಂತೆ ಬಿಳಿಚಿಕೊಂಡು ಕುಸಿದಳು. ಅಕ್ಕ ಓಡಿಹೋಗಿ ಅವಳನ್ನು ಮಲಗಿಸಿ, ಕಾಲು ಎತ್ತಿ ಹಿಡಿದಳು. ಅವಳು ಕಣ್ಣು ಬಿಟ್ಟ ಮೇಲೆ ಕೇಳಿದಳು:

"ಮಧ್ಯಾಹ್ನ ಏನೇ ತಿಂದೆ?"

"ಬಿಸ್ಕತ್ತು, ಅಕ್ಕ. ಡಬ್ಬಿ ಬಿಚ್ಚೋಕೆ ಪುರುಸೊತ್ತೇ ಆಗ್ಲಿಲ್ಲ."

ಕಲಿಸುವವಳು ಉಳಿದವರನ್ನೂ ವಿಚಾರಿಸಿದಳು. ಒಬ್ಬಳು ಟೀ ಕುಡಿದಿದ್ದಳು, ಒಬ್ಬಳು ಬನ್ನು ತಿಂದಿದ್ದಳು, ಒಬ್ಬಳು ನಿಂತಲ್ಲೇ ಎರಡು ತುತ್ತು ನುಂಗಿ ಓಡಿದ್ದಳು. "ಅಕ್ಕ, ನೀವು?" ಅಂದಾಗ ಅಕ್ಕ ಮುಖ ಆ ಕಡೆ ತಿರುಗಿಸಿದಳು. ಆಕೆಯ ಡಬ್ಬಿಯೂ ಚೀಲದಲ್ಲಿ ಹಾಗೇ ಇತ್ತು.

"ಖಾಲಿ ಹೊಟ್ಟೇಲಿ ನಾನು ಯಾರನ್ನೂ ಜಿಗಿಸಲ್ಲ" ಅಂದಳು ತರುಣಿ. ಅವಳೂ ಅಕ್ಕನೂ ನೆಟ್ಟಗೆ ಮ್ಯಾನೇಜರ್ ಕೋಣೆಗೆ ನಡೆದರು.

"ಊಟದ ಹೊತ್ತು ಇದ್ದೇ ಇದೆಯಲ್ಲಮ್ಮ" ಅಂದ ಮ್ಯಾನೇಜರ್.

"ಇದೆ ಸಾರ್, ಕಾಗದದ ಮೇಲೆ" ಅಂದಳು ಅಕ್ಕ. "ಅದೇ ಹೊತ್ತಿಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬರ್ತಾರೆ. ಅವರ ಹಿಂದೆ ಓಡೋದೋ, ಅನ್ನ ಉಣ್ಣೋದೋ?"

"ಎಲ್ಲರೂ ಊಟಕ್ಕೆ ಕೂತ್ರೆ ರೋಗಿಗಳನ್ನ ಯಾರು ನೋಡ್ತಾರೆ?"

"ಎಲ್ಲರೂ ಯಾಕೆ ಸಾರ್? ಅರ್ಧ ಜನ ಉಣ್ಣಲಿ, ಅರ್ಧ ಜನ ವಾರ್ಡ್ ನೋಡ್ಕೊಳ್ಳಲಿ. ಆಮೇಲೆ ಅದಲು ಬದಲು. ಕೂರೋಕೆ ಒಂದು ಜಾಗ ಕೊಡಿ, ರೌಂಡ್ಸ್ ಸ್ವಲ್ಪ ಬೇಗ ಮಾಡ್ಸಿ. ಅಷ್ಟೇ ನಾನು ಕೇಳ್ತಿರೋದು."

ದೊಡ್ಡ ಡಾಕ್ಟರು ಮೂಗು ಮುರಿದರು. ವಾರಗಟ್ಟಲೆ ಜಗ್ಗಾಟ ನಡೆಯಿತು. ಅಕ್ಕ ಬೆನ್ನು ಬಿಡಲಿಲ್ಲ. ಮ್ಯಾನೇಜರ್ ಎಲ್ಲಿ ಸಿಕ್ಕರೂ ಅದೇ ಮಾತು. ಕೊನೆಗೆ ಆತನೇ ಸಾಕಾಗಿ, ಹಳೇ ಹಾಸಿಗೆ ತುಂಬಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಮೇಜು, ಬೆಂಚು ಹಾಕಿಸಿದ. ರೌಂಡ್ಸ್ ಬೆಳಗ್ಗೆಯೇ ಮುಗಿಯತೊಡಗಿತು. ಲಿಫ್ಟಿನ ಚೀಟಿಯನ್ನು ಅಕ್ಕನೇ ಕಿತ್ತು ಕಸದ ಬುಟ್ಟಿಗೆ ಹಾಕಿದಳು.

ಕ್ಲಾಸೂ ನಿಲ್ಲಲಿಲ್ಲ, ಜಿಗಿತ ಮಾತ್ರ ನಿಂತಿತು. ರೋಗಿಗಳನ್ನು ಎತ್ತುವಾಗ ಸೊಂಟ ಉಳುಕದಂತೆ ಬಗ್ಗುವುದು, ಊದಿದ ಕಾಲು ಹಗುರಾಗುವಂತೆ ಪಾದ ಆಡಿಸುವುದು, ಬೆನ್ನು ಗಟ್ಟಿ ಮಾಡುವುದು, ಇವನ್ನೇ ತರುಣಿ ಕಲಿಸಿದಳು. ಬೆನ್ನುನೋವಿನವರ ನರಳಾಟ ಸಾಕಷ್ಟು ಕಮ್ಮಿಯಾಯಿತು. ಮಾತ್ರೆ, ಊಟ, ನಡಿಗೆ ಮೂರೂ ಸೇರಿ ಅಕ್ಕನ ಶುಗರ್ ಮೆಲ್ಲಗೆ ಇಳಿಯಿತು. ಗಂಡ ಮಾತ್ರ ಇವತ್ತಿಗೂ ಆಕೆಯ ಜೊತೆ ಒಂದು ಸುತ್ತು ನಡೆಯಲು ಹೊರಡುವುದಿಲ್ಲ.

ಹಾಗಂತ ಅಕ್ಕನ ತಲೆನೋವು ಮುಗಿಯಿತು ಅಂದುಕೊಳ್ಳಬೇಡಿ. ಮೇಜಿನ ಮುಂದೆ ನೆಮ್ಮದಿಯಾಗಿ ಕೂತು ಆ ಹುಡುಗಿಯರು ತಿನ್ನುವುದೇನು? ಅದೇ ಬನ್ನು, ಅದೇ ಕರಿದದ್ದು.

"ನಿಮಗೋಸ್ಕರ ಜಗಳ ಆಡಿದ್ದು ಇದಕ್ಕೇನ್ರೇ?" ಅಂತ ಮೊನ್ನೆಯೂ ಗುಡುಗಿದಳು. ಹುಡುಗಿಯರು ನಗುತ್ತಾ ಪೊಟ್ಟಣವನ್ನು ಮೇಜಿನ ಕೆಳಗೆ ಸರಿಸಿದರು. ಅಕ್ಕ ತನ್ನ ಡಬ್ಬಿಯಲ್ಲಿದ್ದ ಬೇಯಿಸಿದ ಕಾಳನ್ನು ಕೇಳದೆ ಮಾಡದೆ ಒಬ್ಬೊಬ್ಬರ ತಟ್ಟೆಗೂ ಒಂದೊಂದು ಚಮಚ ಬಡಿಸುತ್ತಾ ಹೋದಳು.