ನೆಟ್ಟಗಾದ ಫ್ಲಾಸ್ಕ್

ಹಳೆಯ ಸ್ಟರ್ಲಿಂಗ್ ಬೆಳ್ಳಿಯ ಹಿಪ್ ಫ್ಲಾಸ್ಕ್‌ಗಳನ್ನು ಕೂಡಿಸುವ ಹುಚ್ಚು ನನಗೆ. ಹಿಂದಿನ ಕಾಲದ ಸಾಹೇಬರು ವಿಸ್ಕಿ ತುಂಬಿ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಚಪ್ಪಟೆ ಬಾಟಲಿ ಅದು. ನಾನು ಕುಡಿಯುವವನಲ್ಲ. ಸೊಂಟಕ್ಕೆ ಅಂಟಿ ಕೂರಲೆಂದು ಅದಕ್ಕೆ ಕೊಟ್ಟಿರುತ್ತಾರಲ್ಲ, ಆ ಬಾಗಿಗೆ ಮರುಳಾದವನು.

ನನ್ನಲ್ಲಿದ್ದ ಎಲ್ಲಕ್ಕಿಂತ ಹಳೆಯದರ ಮುಚ್ಚಳ ಸಡಿಲಾಗಿತ್ತು. ಕೆಲಸದ ಮೇಲೆ ಇಳಕಲ್‌ಗೆ ಹೋದ ದಿನ ಅದನ್ನು ಬೆಳಿಗ್ಗೆಯೇ ಅಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುವ ಒಬ್ಬ ವಯಸ್ಸಾದ ಪತ್ತಾರರ ಕೈಗೆ ಕೊಟ್ಟೆ.

ಸಂಜೆ ಹೋದಾಗ ಮುಚ್ಚಳ ಸರಿಯಾಗಿತ್ತು. ಫ್ಲಾಸ್ಕ್ ಮಾತ್ರ ಹಲಗೆಯ ಹಾಗೆ ನೆಟ್ಟಗಿತ್ತು.

"ಕಾಕಾ, ಇದು ಬಾಗಿತ್ತಲ್ರಿ?"

"ಹೌದ್ರಿ. ಯಾರೋ ಅದರ ಮ್ಯಾಲೆ ಕುಂತಿದ್ರು ಕಾಣಸ್ತೈತಿ. ಕಾಸಿ, ಬಡದು ನೆಟ್ಟಗ ಮಾಡೀನಿ. ಭಾಳ ತ್ರಾಸ ಕೊಡ್ತು."

ನಾನು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತೆ. "ಅದು ಬಾಗೇ ಇರಬೇಕ್ರಿ. ಸೊಂಟಕ್ಕ ಹತ್ತಿ ಕೂಡಬೇಕು, ಕೋಟಿನ ಒಳಗ ಯಾರಿಗೂ ಕಾಣಬಾರ್ದು."

ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಕದ್ದು ಕುಡಿಯಾಕ ಇಷ್ಟು ಬೆಳ್ಳಿ ಹಾಕ್ಯಾರ?" ಎಂದರು. ಆಮೇಲೆ ಮರದ ಕೊಡತಿ ಕೈಗೆತ್ತಿಕೊಂಡು, "ಹೋಗ್ಲಿ ಬಿಡ್ರಿ, ಮತ್ತ ಬಗ್ಗಿಸಿ ಕೊಡ್ತೇನಿ. ಇತ್ತ ತಿರುಗ್ರಿ, ನಿಮ್ಮ ಸೊಂಟದ ಅಳತಿ ನೋಡೂಣು" ಎಂದರು.

ಫ್ಲಾಸ್ಕ್ ಎದೆಗವಚಿಕೊಂಡು ಹೊರಬಿದ್ದೆ.

ಈಗ ಅದು ಬಾಗಲಕೋಟೆಯ ನನ್ನ ಮನೆಯಲ್ಲಿ, ಉಳಿದವುಗಳ ಜೊತೆ ಕಪಾಟಿನಲ್ಲಿದೆ. ಬಂದವರೆಲ್ಲ ಮೊದಲು ಅದನ್ನೇ ಎತ್ತಿಕೊಂಡು ಕೇಳುತ್ತಾರೆ: "ಇದೊಂದು ಚಲೋ ಐತಿ. ಉಳಿದವನ್ನ ಯಾವಾಗ ರಿಪೇರಿ ಮಾಡಸ್ತೀರಿ?"