ಕೆಂಪು ಕಾರಿನ ಹುಲುಗಪ್ಪ

ರಾಯದುರ್ಗದ ಹುಲುಗಪ್ಪನು ತನ್ನ ನಲವತ್ತೆರಡನೆಯ ವಯಸ್ಸಿನವರೆಗೆ ಎತ್ತಿನ ಮೂಗುದಾರವನ್ನಲ್ಲದೆ ಬೇರೊಂದು ಲಗಾಮನ್ನು ಹಿಡಿದವನಲ್ಲ. ಜವಳಿ ವರ್ತಕರಾದ ಸಿದ್ದಬಸಪ್ಪನವರ ಮನೆಯ ಗಾಡಿಯನ್ನು ಅವನು ಇಪ್ಪತ್ತು ವರ್ಷ ಹೊಡೆದನು. ಕಲ್ಯಾಣದುರ್ಗದವರೆಗಿನ ದಾರಿಯಲ್ಲಿ ಯಾರ ಗಾಡಿಯ ಅಚ್ಚು ಮುರಿದರೂ ತನ್ನ ಎತ್ತುಗಳನ್ನು ಬಿಚ್ಚಿ ನಿಲ್ಲಿಸಿ ಹೆಗಲು ಕೊಡುವವನೆಂದು ಅವನಿಗೆ ಹೆಸರಿತ್ತು. ಆ ದಾರಿಯ ಊರುಗಳಲ್ಲಿ ಮಜ್ಜಿಗೆ ಕುಡಿಯದೆ ಮುಂದಕ್ಕೆ ಹೋಗಲು ಅವನನ್ನು ಬಿಡುತ್ತಿರಲಿಲ್ಲ. ತನ್ನನ್ನು ದ್ವೇಷಿಸುವವರು ಈ ಲೋಕದಲ್ಲಿ ಇರಬಹುದೆಂಬ ಯೋಚನೆಯೇ ಅವನಿಗೆ ಎಂದೂ ಬಂದಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯ ಮಾಘದಲ್ಲಿ ಸಿದ್ದಬಸಪ್ಪನವರು ಮದರಾಸಿಗೆ ಹೋಗಿ, ವಿಲಾಯತಿಗೆ ಹಿಂದಿರುಗುತ್ತಿದ್ದ ದೊರೆಯೊಬ್ಬನಿಂದ ಒಂದು ಕಾರನ್ನು ಕೊಂಡು ತಂದರು. ಅದು ಸಂಸಾರಸ್ಥರು ಕೊಳ್ಳುವಂಥ ಕಾರಲ್ಲ. ಪಂದ್ಯದಲ್ಲಿ ಓಡಿಸಲೆಂದು ಕಟ್ಟಿದ್ದು. ಕುಂಕುಮದ ಬಣ್ಣ, ಉದ್ದನೆಯ ಮೂತಿ, ಮೇಲೆ ಮುಚ್ಚಿಗೆಯಿಲ್ಲ, ಕೂರಲು ಇಬ್ಬರಿಗೆ ಮಾತ್ರ ಸ್ಥಳ. ನೆಲಕ್ಕೆ ಎಷ್ಟು ತಗ್ಗಾಗಿತ್ತೆಂದರೆ ಅದರಲ್ಲಿ ಕುಳಿತವನ ಕಣ್ಣಿಗೆ ಎದುರು ಬರುವ ಎತ್ತಿನ ಮಂಡಿ ಕಾಣಿಸುತ್ತಿತ್ತೇ ಹೊರತು ಮುಖ ಕಾಣಿಸುತ್ತಿರಲಿಲ್ಲ. ಹೊರಗಿನ ಡ್ರೈವರನನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಲು ಒಪ್ಪದ ಸಾಹುಕಾರರು ಹುಲುಗಪ್ಪನನ್ನೇ ಬಳ್ಳಾರಿಗೆ ಕಳುಹಿಸಿ ಎರಡು ತಿಂಗಳು ವಿದ್ಯೆ ಕಲಿಸಿದರು. ಖಾಕಿ ಅಂಗಿ, ತೊಗಲಿನ ಟೋಪಿ, ಕೆನ್ನೆಯವರೆಗೂ ಮುಚ್ಚುವ ಕಪ್ಪು ಕನ್ನಡಕ ಇವಿಷ್ಟನ್ನು ತೊಡಿಸಿದ ಮೇಲೆ ಅವನ ಹೆಂಡತಿ ಓಬಕ್ಕನೇ ಅವನನ್ನು ಗುರುತಿಸದೆ ಸೆರಗು ಹೊದ್ದು ಬಾಗಿಲ ಮರೆಗೆ ಸರಿದಳು.

ಕೈಗೆ ಸ್ಟೀರಿಂಗು ಬಂದರೂ ಅವನ ಮನಸ್ಸು ನೊಗದ ಹಿಂದೆಯೇ ಇತ್ತು. ನಿಂತಲ್ಲೆಲ್ಲ ಕಾರಿನ ಬಾನೆಟ್ಟನ್ನು ಎತ್ತಿನ ಭುಜವನ್ನು ತಟ್ಟುವಂತೆ ತಟ್ಟುವನು. ಏರು ಹತ್ತುವಾಗ ನಾಲಗೆಯಿಂದ ಟಕ್ಕೆಂದು ಸದ್ದು ಮಾಡಿ ಹುರಿದುಂಬಿಸುವನು. ಪಕ್ಕದಲ್ಲಿ ಕುಳಿತ ಸಾಹುಕಾರರು, "ಅದಕ್ಕೇನು ಕಿವಿ ಅದಾವೇನೋ?" ಎಂದು ನಗುತ್ತಿದ್ದರು.

ಸಿದ್ದಬಸಪ್ಪನವರು ಮಡಕಶಿರದಲ್ಲಿ ಹೊಸದಾಗಿ ಒಂದು ಅಂಗಡಿ ತೆರೆದಿದ್ದರು. ಕಲ್ಯಾಣದುರ್ಗವನ್ನು ದಾಟಿ, ಪಾವಗಡದ ಬಳಿ ಮೈಸೂರು ಸೀಮೆಯನ್ನು ಹಾಯ್ದು, ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರುವುದೆಂದು ಗೊತ್ತಾಯಿತು. ಚೈತ್ರದ ಬಿಸಿಲಿನಲ್ಲಿ ಮೊದಲ ಪ್ರಯಾಣ. ಮಡಕಶಿರ ಎರಡು ಹರದಾರಿ ಇರುವಂತೆ ಕಾರಿನ ರೇಡಿಯೇಟರಿನ ನೀರು ಕುದಿಯತೊಡಗಿತು. ಮುಂದೆ ಒಂದು ಹಳ್ಳಿ; ಹಳ್ಳಿಯ ಬಾಯಲ್ಲಿ ಹುಣಿಸೆಯ ಮರ; ಮರದಡಿ ಹುಲ್ಲಿನ ಚಪ್ಪರ ಹಾಕಿ, ಮರಳಿನಲ್ಲಿ ಮೂರು ಮಡಕೆಗಳನ್ನು ಹೂತು, ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆ. ಮಡಕೆಗಳ ಹಿಂದೆ ಒಬ್ಬ ಮುದುಕಿ ಕುಳಿತಿದ್ದಳು.

"ಅವ್ವಾ, ಒಂದು ಕೊಡ ನೀರು ಕೊಡ್ರಿ," ಎಂದನು ಹುಲುಗಪ್ಪ. ಮುದುಕಿಯು ಎರಡು ಕೈಗಳಿಂದಲೂ ಎತ್ತಿ ಕೊಟ್ಟಳು. ಅವನು ಅದನ್ನು ಒಯ್ದು ಮುಚ್ಚಳ ತೆಗೆದು ಸುರಿದನು. ಕಾದ ಕಬ್ಬಿಣದೊಳಕ್ಕೆ ಬಿದ್ದ ನೀರು ಚೀರುತ್ತ ಆಳೆತ್ತರದ ಆವಿಯಾಗಿ ಮೇಲಕ್ಕೆ ಚಿಮ್ಮಿತು. ಅವನು ಇನ್ನೊಂದು ಕೊಡವನ್ನು ತಾನೇ ತುಂಬಿಕೊಂಡು ಹೋಗಿ ಸುರಿದನು. ಎತ್ತುಗಳನ್ನು ಅರವಟ್ಟಿಗೆಯ ಬಾನಿಯಲ್ಲಿ ನೀರು ಕುಡಿಸಿ ಅಭ್ಯಾಸವಾದವನಿಗೆ ಅದರಲ್ಲಿ ಯಾವ ಅನುಚಿತವೂ ತೋರಲಿಲ್ಲ. ಎಳೆಯುವುದಕ್ಕೆ ಬಾಯಾರಿಕೆ, ಕೊಡುವವರ ಬಳಿ ನೀರು, ಅಷ್ಟೆ. ಮುದುಕಿಯು ಬಾಯಿಗೆ ಸೆರಗೊತ್ತಿ ಹಿಂದೆ ಸರಿದದ್ದನ್ನು ಕಂಡು, "ಅಂಜಬ್ಯಾಡ್ರಿ ಅವ್ವಾ, ಅದೇನೂ ಮಾಡಂಗಿಲ್ಲ," ಎಂದು ನಕ್ಕು ಹೊರಟನು.

ಮುಂದಿನ ವಾರ ಅದೇ ಹಳ್ಳಿಯನ್ನು ದಾಟುವಾಗ ಕಟ್ಟೆಯ ಮೇಲಿದ್ದ ನಡುವಯಸ್ಸಿನವನೊಬ್ಬ ಎದ್ದು ಬಂದು, ಕಾರಿನ ಮುಂದೆ ಕ್ಯಾಕರಿಸಿ ಉಗಿದನು. ಹುಲುಗಪ್ಪನಿಗೆ ಅದು ತನಗಾದದ್ದೆಂದು ತಿಳಿಯಲೇ ಇಲ್ಲ. ಹಿಂತಿರುಗಿ ನೋಡಿದಾಗ ಅವನು ಕಾಲಿನ ಕೆರವನ್ನು ಕಳಚಿ ಎತ್ತಿ ತೋರಿಸುತ್ತಿದ್ದನು. ಮರುಪ್ರಯಾಣದಲ್ಲಿ ದಾರಿಯ ತುಂಬ ಜಾಲಿಯ ಮುಳ್ಳು. ಮೂರನೆಯ ವಾರ ಎದುರಿಗೆ ಬಂದ ಗಾಡಿಯವನು ದಾರಿಯ ನಡುವೆ ಎತ್ತುಗಳನ್ನು ಬಿಚ್ಚಿ, ನೊಗದ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಂಡನು. ಗಾಡಿಯವನೊಬ್ಬನು ಗಾಡಿ ಹೊಡೆದವನಿಗೆ ಹೀಗೆ ಮಾಡುವುದುಂಟೆ?

ಅವನು ತನಗೆ ತೋಚಿದ ಉಪಾಯಗಳನ್ನೆಲ್ಲ ಮಾಡಿದನು. ಹಾರನ್ನು ಒತ್ತುವುದನ್ನು ಬಿಟ್ಟನು. ಊರು ಕಾಣುತ್ತಲೇ ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದನು. ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಇನ್ನೊಂದು ಕೈಯನ್ನು ಹಣೆಗೆ ಮುಟ್ಟಿಸಿ ಕಂಡಕಂಡವರಿಗೆಲ್ಲ ನಮಸ್ಕರಿಸಿದನು. ಅದನ್ನು ಅಣಕವೆಂದು ತಿಳಿದ ಹೆಂಗಸೊಬ್ಬಳು ಬುಟ್ಟಿಯ ಸಗಣಿಯನ್ನು ಬಾಚಿ ಬಾಚಿ ಎಸೆದಳು. ಸಾಹುಕಾರರು ಪಂಚೆಯನ್ನು ಒರೆಸಿಕೊಳ್ಳುತ್ತ, "ಹೊಟ್ಟೆಕಿಚ್ಚು ಕಣೋ. ಇಂಥಾದ್ದು ಇವರಜ್ಜ ಕಂಡಿಲ್ಲ," ಎಂದರು. ಹುಲುಗಪ್ಪನಿಗೂ ಕಾರಣ ಅದೇ ಇರಬೇಕೆನಿಸಿತು. ಆದರೆ ಒಂದು ಸಂಗತಿ ಮಾತ್ರ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಅದೇ ಕಾರು, ಅದೇ ಬಣ್ಣ, ಅದೇ ಸದ್ದು. ಕಲ್ಯಾಣದುರ್ಗದ ಕಡೆಯ ಜನ ಓಡಿಬಂದು ಮುಟ್ಟಿ ನೋಡುತ್ತಿದ್ದರು. ಮಡಕಶಿರದ ಕಡೆಯವರಿಗೆ ಮಾತ್ರ ಈ ಹೊಟ್ಟೆಕಿಚ್ಚು ಎಲ್ಲಿಂದ ಬಂತು?

ಐದನೆಯ ವಾರ ಹುಣಿಸೆಯ ಮರದ ತಿರುವಿನಲ್ಲಿ ಕಲ್ಲು ಬಿತ್ತು. ಮುಂಗಾಜು ಒಡೆದು ಹುಲುಗಪ್ಪನ ಎಡಹಣೆ ಸೀಳಿತು. ರಕ್ತ ಕನ್ನಡಕದೊಳಗೆ ಇಳಿದು ದಾರಿ ಕಾಣದಾಯಿತು. ನೋವಿಗಿಂತ ಹೆಚ್ಚಾಗಿ ಅವನನ್ನು ನಡುಗಿಸಿದ್ದು ಕಲ್ಲು ಬಿದ್ದಾಗ ಮರದ ಕಡೆಯಿಂದ ಎದ್ದ ನಗು. ತನ್ನ ಹೆಸರನ್ನೂ ಅರಿಯದವರು ತನ್ನ ರಕ್ತವನ್ನು ಕಂಡು ನಕ್ಕರೆಂಬುದನ್ನು ಅವನ ಬುದ್ಧಿ ಒಪ್ಪಿಕೊಳ್ಳಲಾರದೆ ಹೋಯಿತು.

ಸಿದ್ದಬಸಪ್ಪನವರು ಅವನನ್ನು ಕರೆಸಿ ಸ್ಪಷ್ಟವಾಗಿ ಹೇಳಿದರು: "ಪೊಲೀಸರಿಗೆ ಕೊಡಾಕ ಕಲ್ಲು ಒಗೆದಾಂವನ ಹೆಸರು ಬೇಕು. ಬಸ್ಸಿನ್ಯಾಗ ಹೋಗು, ಸಾದಾ ಮನುಷ್ಯಾನಂಗ ಹೋಗು, ತಿಳಕೊಂಡು ಬಾ. ಹೆಸರು ಇಲ್ಲದ ಬಂದ್ರ ನನ್ನ ಬಾಗಿಲಿಗೆ ಬರಬ್ಯಾಡ."

"ಆತ್ರಿ," ಎಂದನು ಹುಲುಗಪ್ಪ. ಸಾಹುಕಾರರ ಬಾಗಿಲು ತಪ್ಪಿದರೆ ಅವನಿಗೆ ಬೇರೆ ಬಾಗಿಲಿರಲಿಲ್ಲ.

ಗಾಯದ ಮೇಲೆ ರುಮಾಲು ಸುತ್ತಿ, ಮೊದಲಿನ ಪಂಚೆ ಉಟ್ಟು, ಅವನು ಆ ಹಳ್ಳಿಯಲ್ಲಿ ಬಸ್ಸಿನಿಂದ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಯಾರೂ ಅವನ ಗುರುತು ಹಿಡಿಯಲಿಲ್ಲ. ಅರವಟ್ಟಿಗೆಯ ಚಪ್ಪರದಡಿ ಮೂರು ಮಡಕೆಗಳೂ ಬೋರಲಾಗಿದ್ದವು, ಮುದುಕಿ ಇರಲಿಲ್ಲ. ಪಕ್ಕದ ಮನೆಯ ಜಗುಲಿಯಿಂದ ಒಬ್ಬನು ಕೂಗಿ ಕರೆದನು. ಹುಲುಗಪ್ಪ ತಟ್ಟನೆ ಅವನನ್ನು ಗುರುತಿಸಿದನು. ಕೆರ ತೋರಿಸಿದವನು ಅವನೇ.

"ಅಲ್ಲಿ ನೀರಿಲ್ಲ ಕಣಣ್ಣ, ಇಲ್ಲಿ ಬಾ. ಯಾವೂರಾಯ್ತು?"

"ರಾಯದುರ್ಗದ ಕಡೇರಿ."

"ಅಷ್ಟ್ ದೂರದಿಂದ ಬಂದಿದೀಯ. ಕುಂತ್ಕೊ, ಕಾಲು ಚಾಚ್ಕೊ."

ಅವನ ಹೆಸರು ದೊಡ್ಡರಂಗಪ್ಪ. ಒಳಗಿನಿಂದ ತಂಬಿಗೆಯಲ್ಲಿ ನೀರನ್ನೂ ಅಂಗೈಯಲ್ಲಿ ಬೆಲ್ಲವನ್ನೂ ತಂದು ಮುಂದಿಟ್ಟನು. ಉಗಿದವನ ಮುಖದಲ್ಲಿ ಇಷ್ಟು ಸೌಜನ್ಯವಿರಬಹುದೆಂಬುದು ಹುಲುಗಪ್ಪನಿಗೆ ನಂಬಲಾಗದ ಮಾತಾಗಿತ್ತು. ಬೆಲ್ಲವನ್ನಷ್ಟೇ ಕೈಗೆ ತೆಗೆದುಕೊಂಡು, ನೀರನ್ನು ಮುಟ್ಟದೆ, "ಅರವಟ್ಟಿಗೆ ಯಾಕ ನಿಂತೈತ್ರಿ?" ಎಂದು ಕೇಳಿದನು.

"ಏನ್ ಹೇಳಾದು ಬಿಡು. ಅದು ನಮ್ಮಕ್ಕ ಎರ್ರಮ್ಮಂದು. ಅವಳ ಮಗ ಲಕ್ಷ್ಮೀನರಸಪ್ಪ ಅಂತ ಇದ್ದ, ಒಬ್ನೇ ಮಗ. ಹನ್ನೆರಡು ವರ್ಷ ಆಯ್ತು, ವೈಶಾಖದಾಗೆ ಕಡ್ಲೇಕಾಯಿ ಮೂಟೆ ಹೊತ್ಕಂಡು ಸಂತೆಗೆ ಹೋದೋನು ಆ ಮರದ ತಾವ ಬಿದ್ದ. ನೀರು ನೀರು ಅಂತ ಕಿರುಚ್ಕಂಡೇ ಪ್ರಾಣ ಬಿಟ್ಟ. ಅವತ್ನಿಂದ ಬ್ಯಾಸಿಗೆ ಪೂರಾ ನೀರು ಹೊಯ್ತಾಳೆ. ದಾರೀಲಿ ಹೋಗೋರ ಗಂಟಲಿಗೆ ಬಿದ್ದದ್ದು ಮಗನ ಗಂಟಲಿಗೆ ಬೀಳ್ತದೆ ಅಂತ ಅವಳ ಹರಕೆ." ದೊಡ್ಡರಂಗಪ್ಪ ದನಿ ತಗ್ಗಿಸಿದನು. "ತಿಂಗಳ ಮೇಲಾಯ್ತು, ಒಬ್ಬ ಚಂಡಾಲ ಕೆಂಪು ಕಾರ್‌ನಾಗೆ ಬಂದ. ಬಾಯಾರಿದೆ ಅನ್ನೋನಂಗೆ ಕೇಳಿ ಇಸ್ಕಂಡು, ಆ ನೀರ್ನ ಉರಿಯೋ ಕಬ್ಬಿಣಕ್ಕೆ ಹೊಯ್ದ. ಅದು ಕಿರುಚ್ತಂತೆ. ಹೊಗೆಯಾಗಿ ಹೋಯ್ತಂತೆ. ಇವನು ಹಲ್ಲು ಕಿಸಿದ್ನಂತೆ. ಅವತ್ತೇ ಮಡಕೆ ಬೋರಲು ಹಾಕಿ ಒಳಗೆ ಹೋದ್ಲು. ಹಿಡಿ ಮುದ್ದೆ ಸೈತ ಸರಿಯಾಗಿ ತಿನ್ನಲ್ಲ."

ಹುಲುಗಪ್ಪನ ಕೈಯಿಂದ ಬೆಲ್ಲ ಜಾರಿ ಜಗುಲಿಯ ಮೇಲೆ ಬಿತ್ತು. ದೊಡ್ಡರಂಗಪ್ಪ ಅದನ್ನು ಗಮನಿಸಲಿಲ್ಲ.

"ಮೊನ್ನೆ ಒಂದು ಕಲ್ಲು ಬೀಸಿದೆ ನೋಡು. ಗಾಜಿಗೆ ಬಿತ್ತು. ತಲೆಗೆ ಬೀಳ್ಬೇಕಿತ್ತು."

ಬೇಕಾಗಿದ್ದ ಹೆಸರು ತಾನಾಗಿ ಬಂದು ಕೈಯಲ್ಲಿ ಕುಳಿತಿತ್ತು. ಬಸ್ಸು ಹಿಂದಿರುಗಲು ಒಂದು ಗಂಟೆಯಿತ್ತು. ಎದ್ದು ಹೋದರೆ ಚಾಕರಿಯೂ ಮನೆಯೂ ಉಳಿಯುತ್ತಿದ್ದವು. ಹುಲುಗಪ್ಪನ ಕಿವಿಯಲ್ಲಿ ಆ ಮೊದಲ ದಿನದ ಆವಿಯ ಚೀತ್ಕಾರವೊಂದೇ ತುಂಬಿತ್ತು. ಅವನು ಎರಡು ಕೈಗಳಿಂದಲೂ ನಿಧಾನವಾಗಿ ರುಮಾಲನ್ನು ಬಿಚ್ಚಿದನು.

"ತಲಿಗೇ ಬಿತ್ರಿ," ಎಂದನು.

ದೊಡ್ಡರಂಗಪ್ಪನು ಆ ಗಾಯವನ್ನೂ, ತಾನೇ ತಂದಿಟ್ಟ ನೀರನ್ನೂ ನೋಡಿ ಬೆಪ್ಪಾಗಿ ನಿಂತನು. "ಪೊಲೀಸ್ನೋರ್ನ ಕರ್ಕಂಡ್ ಬಂದಿದೀಯಾ?" ಎಂದು ಕೇಳಿದನು.

"ಇಲ್ಲಣ್ಣ. ಹೆಸರು ಕೇಳಾಕ ಬಂದಿದ್ದೆ. ಕೇಳಿದ್ದು ಸಾಕಾತು."

ಬಾಗಿಲಲ್ಲಿ ಎರ್ರಮ್ಮ ನಿಂತಿದ್ದಳು. ಮಾತೆಲ್ಲವೂ ಅವಳಿಗೆ ಕೇಳಿಸಿತ್ತು. ಹುಲುಗಪ್ಪ ಜಗುಲಿಯಿಂದ ಇಳಿದು ನೆಲದ ಮೇಲೆ ಕುಳಿತನು, ತಲೆಯೆತ್ತಲಿಲ್ಲ. ಅವಳು ಬೈಯಲಿಲ್ಲ. ಕೇಳಿದ್ದು ಒಂದೇ ಮಾತು.

"ಅದು ಯಾಕಪ್ಪ ಹಂಗೆ ಕಿರುಚ್ತು?"

"ಕಾದ ಹೆಂಚಿನ ಮ್ಯಾಲೆ ನೀರು ಬಿದ್ದ್ರ ಅನ್ನಂಗಿಲ್ಲೇನವ್ವಾ, ಹಂಗ. ಅದಕ್ಕ ಜೀವ ಇಲ್ಲ. ಎತ್ತು ಅಂತ ತಿಳದು ನೀರು ಕುಡಿಸಿದೆ. ಇಪ್ಪತ್ತು ವರ್ಷ ಎತ್ತಿಗೇ ಕುಡಿಸಿದಾಂವ."

"ನನ್ ಮಗ ಕಿರುಚ್ದಂಗೇ ಇತ್ತು," ಎಂದಳು ಎರ್ರಮ್ಮ. ಆಮೇಲೆ ಅವನ ಹಣೆಯನ್ನೂ ಬೋರಲಾಗಿದ್ದ ಮಡಕೆಗಳನ್ನೂ ಒಂದಾದ ಮೇಲೊಂದರಂತೆ ನೋಡಿದಳು. "ಹರಕೆ ಕೆಟ್ಟಿದ್ದು ನಿನ್ ಕೈಯಾಗೆ. ನನ್ ಕೈ ಇನ್ನು ಏಳಾಕಿಲ್ಲ. ಮಳೆ ಬೀಳಾಗಂಟ ನೀನೇ ಹೊಯ್ಯಿ."

ಹುಲುಗಪ್ಪ ಎದ್ದು ಹೋಗಿ ಮೂರು ಮಡಕೆಗಳನ್ನೂ ಎತ್ತಿ ನಿಲ್ಲಿಸಿದನು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಾಹುಕಾರರಿಗೆ ಹೇಳಿ ಕಳುಹಿಸಿದ್ದು ಇಷ್ಟೇ: ಹೆಸರು ಗೊತ್ತಾತು, ಹೇಳಾಂಗಿಲ್ಲ, ಕಾರಿನ ಕೀಲಿ ಗೂಟಕ್ಕ ತೂಗು ಹಾಕೇನಿ.

ಮೂರನೆಯ ದಿನ ಅದೇ ಬಸ್ಸಿನಿಂದ ಓಬಕ್ಕ ಗಂಟು ಹೊತ್ತು ಇಳಿದಳು. "ಕಾರು ನಡಸಾಂವ ಕೊಡ ಹೊರತಾನಂತ ಊರಾಗೆಲ್ಲ ಸುದ್ದಿ. ಖರೇನೋ ಸುಳ್ಳೋ ನೋಡೂಣು ಅಂತ ಬಂದೆ," ಎಂದಳು. ನೋಡಿದಳು. ಗಂಟನ್ನು ಕೆಳಗಿಟ್ಟು ಇನ್ನೊಂದು ಕೊಡವನ್ನು ಸೊಂಟಕ್ಕೇರಿಸಿದಳು.

ಬಾವಿ ಅರ್ಧ ಮೈಲಿ ದೂರದಲ್ಲಿತ್ತು. ಬೆಳಗಿನ ಜಾವದಿಂದ ಹೊತ್ತರೂ ಮೂರು ಮಡಕೆ ತುಂಬುವಷ್ಟರಲ್ಲಿ ಬಿಸಿಲೇರುತ್ತಿತ್ತು. ಊರಿನವರು ಮೊದಲೆರಡು ದಿನ ಅವನ ಕೈಯ ನೀರನ್ನು ಕುಡಿಯಲಿಲ್ಲ, ಆಮೇಲೆ ಕುಡಿದರು. ವಾರ ಕಳೆಯುವುದರೊಳಗೆ ದೊಡ್ಡರಂಗಪ್ಪನೇ ಅವನನ್ನು ಹುಲುಗಣ್ಣ ಎಂದು ಕರೆಯತೊಡಗಿದನು. ಎರ್ರಮ್ಮ ಬಂದು ಮರದ ಬುಡದಲ್ಲಿ ಕುಳಿತು, ಅವನು ಎರೆಯುವುದನ್ನು ಕಣ್ಣೆವೆಯಿಕ್ಕದೆ ನೋಡುತ್ತಿದ್ದಳು.

ಇಪ್ಪತ್ತನೆಯ ದಿನ ಮಧ್ಯಾಹ್ನ, ದೂರದಲ್ಲಿ ಆ ಸದ್ದು ಕೇಳಿಸಿತು. ಹುಲುಗಪ್ಪನ ಮುಖ ಅರಳಿತು. ಮಾರಿಹೋದ ಎತ್ತಿನ ಕೊರಳಗಂಟೆ ಕೇಳಿಸಿದಂತೆ ಅವನು ದಾರಿಯಂಚಿಗೆ ಓಡಿ ಕೈಯೆತ್ತಿ ನಿಂತನು. ಕಾರಿನಲ್ಲಿ ಬೆಂಗಳೂರಿನಿಂದ ಬಂದ ಹೊಸ ಡ್ರೈವರು, ಪಕ್ಕದಲ್ಲಿ ಸಿದ್ದಬಸಪ್ಪನವರು. ಇಬ್ಬರಿಗೂ ಕಪ್ಪು ಕನ್ನಡಕ. ಎಂದೂ ಅದರೊಳಗೆ ಕುಳಿತೇ ಬಲ್ಲವನಿಗೆ ಅದು ಎದುರಿನಿಂದ ಬರುವ ರೀತಿ ಈ ದಿನದವರೆಗೆ ತಿಳಿದಿರಲಿಲ್ಲ. ಅದು ನಿಧಾನಿಸಲಿಲ್ಲ. ಹಾರನ್ನಿನ ಅಬ್ಬರಕ್ಕೆ ಅವನು ಹಿಂದಕ್ಕೆ ಜಿಗಿದು ಮುಗ್ಗರಿಸಿದನು. ಇಪ್ಪತ್ತು ವರ್ಷ ಅನ್ನ ಹಾಕಿದವರ ಮುಖ ಅವನತ್ತ ತಿರುಗಲೂ ಇಲ್ಲ. ಕೆಂಧೂಳು ಚಪ್ಪರದೊಳಕ್ಕೆ ನುಗ್ಗಿ ಮೂರು ಮಡಕೆಗಳನ್ನೂ ಮುಚ್ಚಿತು. ಬೊಗಸೆಯೊಡ್ಡಿ ಕುಡಿಯುತ್ತಿದ್ದ ದಾರಿಹೋಕನೊಬ್ಬನು ಕೆಮ್ಮುತ್ತ ಕುಸಿದು ಕುಳಿತನು.

ಊರಿನವರು ಯಾರೂ ಕದಲಲಿಲ್ಲ. ಎಲ್ಲರ ಕಣ್ಣೂ ಹುಲುಗಪ್ಪನ ಮೇಲಿತ್ತು.

"ಹುಲುಗಣ್ಣ," ಎಂದನು ದೊಡ್ಡರಂಗಪ್ಪ ಮೆಲ್ಲನೆ, "ಕೆಳಗ್ ಹಾಕು."

ಅವನು ತನ್ನ ಬಲಗೈಯನ್ನು ನೋಡಿಕೊಂಡನು. ಅದರಲ್ಲಿ ಬೇಲದ ಕಾಯಿಯಷ್ಟು ದಪ್ಪದ ಕಲ್ಲಿತ್ತು. ಯಾವಾಗ ಬಗ್ಗಿದೆನೋ, ಯಾವಾಗ ಎತ್ತಿದೆನೋ, ಅವನಿಗೆ ಕಿಂಚಿತ್ತೂ ನೆನಪಿರಲಿಲ್ಲ. ಹೆಗಲಿನವರೆಗೆ ಎತ್ತಿದ್ದ ತೋಳು ಬಿಗಿದಿತ್ತು. ಬಿಡಬೇಕೆಂದರೆ ಬೆರಳುಗಳು ಬಿಚ್ಚಲಿಲ್ಲ. ಯಾರದೋ ಕೈ ತನ್ನ ತೋಳಿಗೆ ಅಂಟಿಕೊಂಡಿದೆಯೋ ಎಂಬಂತೆ ಅವನು ಅದನ್ನೇ ನೋಡುತ್ತ ನಿಂತುಬಿಟ್ಟನು.

ಎರ್ರಮ್ಮ ಮರದ ಬುಡದಿಂದ ಎದ್ದು ಬಂದಳು. ಅವನ ತೋಳನ್ನು ಕೆಳಕ್ಕಿಳಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕಲ್ಲನ್ನು ತೆಗೆದು ಬೇಲಿಯಾಚೆ ಹಾಕಿದಳು. ಆಮೇಲೆ ಆ ಕೈಗೆ ಕೊಡವನ್ನು ಕೊಟ್ಟಳು.

"ಧೂಳಿನ ನೀರು ಚೆಲ್ಲು," ಎಂದಳು. "ನಾನು ಇಲ್ಲಿ ಕುಂತಿರ್ತೀನಿ. ಬಾವಿಗೆ ಹೋಗ್ ಬಾ ಮಗ."