ಬಚ್ಚಲೊಲೆಯ ಮುಂದಿನ ಡ್ರಮ್ಮು

ಸ್ವಾತಂತ್ರ್ಯ ಬೇಸಿಗೆಯಲ್ಲಿ ಬಂದಿದ್ದರೆ ನನ್ನ ಕಷ್ಟ ಅರ್ಧ ಕಡಿಮೆಯಾಗುತ್ತಿತ್ತು. ಆಗಸ್ಟ್ ಹದಿನೈದು ಎಂದರೆ ನಮ್ಮ ಕಡೆ ಗೋಡೆಯೂ ಬೆವರುವ ಕಾಲ. ನಮ್ಮ ಶಾಲೆಯ ಬ್ಯಾಂಡಿನ ದೊಡ್ಡ ಡ್ರಮ್ಮಿಗೆ ಇನ್ನೂ ಹಳೇ ಕಾಲದ ಚರ್ಮ. ಶಾಲೆ ಇರುವ ತೋಡೂರಿನ ಗಾಳಿಗೆ ಸುಮ್ಮನೆ ಬಿಟ್ಟರೆ ಅದು ನೆನೆದ ಹಪ್ಪಳದ ಹಾಗೆ ಜೋಲುತ್ತದೆ. ಹೊಡೆದರೆ ‘ಧಂ’ ಅನ್ನುವುದಿಲ್ಲ, ಯಾರೋ ದಣಿದು ಜಗುಲಿಯ ಮೇಲೆ ಕೂತ ಹಾಗೆ ‘ಬುಸ್’ ಅನ್ನುತ್ತದೆ.

ನಾನು ಆ ಶಾಲೆಯಲ್ಲಿ ಆಟ ಕಲಿಸುವ ಟೀಚರು, ಊರವರ ಬಾಯಲ್ಲಿ ಆಟದ ಅಕ್ಕೋರು. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮೊದಲು ಹೋದಾಗ ಬ್ಯಾಂಡು ಎಂದು ತೋರಿಸಿದ್ದು ಒಂದು ಕಪಾಟು. ಒಳಗೆ ಈ ದೊಡ್ಡ ಡ್ರಮ್ಮು, ನಾಲ್ಕಾರು ಸೈಡ್ ಡ್ರಮ್ಮು, ಜೇಡ ಮನೆ ಮಾಡಿದ ಬ್ಯೂಗಲ್ಲುಗಳು. ಬಾರಿಸುವವರು ಯಾರೂ ಇರಲಿಲ್ಲ. ಶಾಲೆಯ ಹಿಂದೆಯೇ ಒಂದು ಸಾಲು ಮನೆಗಳಿವೆ. ನೌಕಾನೆಲೆಗೆಂದು ಊರು ಬಿಟ್ಟುಕೊಟ್ಟು ಬಂದವರು, ಎಲ್ಲ ಒಂದೇ ಕುಟುಂಬದ ಅಣ್ಣತಮ್ಮಂದಿರ ಮಕ್ಕಳು. ಊರು ಹೋದರೂ ಬೇಲಿಗೆ ಬೇಲಿ ತಾಗಿಸಿಕೊಂಡೇ ಕೂತಿದ್ದಾರೆ. ಆ ಸಾಲಿನ ಒಬ್ಬ ಹುಡುಗಿಯ ಕೈಗೆ ಕೋಲು ಕೊಟ್ಟೆ. ವಾರ ಕಳೆಯುವುದರೊಳಗೆ ಸಾಲಿಗೆ ಸಾಲೇ ಬಾಗಿಲು, ಬಕೆಟ್ಟು, ಪಕ್ಕದವರ ಬೆನ್ನು ಎಲ್ಲ ಬಾರಿಸತೊಡಗಿತು. ಕೈಯಲ್ಲೇ ತಾಳ ಇದ್ದ ಮಕ್ಕಳು. ಅಲ್ಲಿ ಒಬ್ಬ ತಾಯಿ ಕೂಗಿದರೆ ಎಲ್ಲರೂ ಪ್ರಾಕ್ಟೀಸಿಗೆ ಬಂದು ನಿಲ್ಲುತ್ತಿದ್ದರು. ಇದಕ್ಕಿಂತ ಸುಲಭದ ಬ್ಯಾಂಡು ಯಾರಿಗೆ ಸಿಕ್ಕೀತು ಎಂದು ಡ್ರಮ್ಮುಗಳನ್ನೆಲ್ಲ ಆ ಸಾಲಿಗೇ ಕೊಟ್ಟುಬಿಟ್ಟೆ. ಬ್ಯೂಗಲ್ ಮಾತ್ರ ಅವರಿಗೆ ಆಗಲಿಲ್ಲ. ಬಾಯಿಗಿಟ್ಟರೆ ಎಲ್ಲರಿಗೂ ನಗು. ಅದನ್ನು ಬೇರೆ ಕೇರಿಯ ಮಕ್ಕಳು ಊದಿದರು.

ನಾನೆಲ್ಲಿ ಎಡವಿದ್ದೆ ಎಂಬುದು ಹೋದ ವರ್ಷ ತಿಳಿಯಿತು. ಆಗಸ್ಟ್ ಮೊದಲ ವಾರ ಆ ಸಾಲಿನ ಒಬ್ಬ ಅಜ್ಜ ತೀರಿಕೊಂಡರು. ಒಂದೇ ಕುಟುಂಬ, ಹಾಗಾಗಿ ಇಡೀ ಸಾಲಿಗೆ ಸೂತಕ. ಸೂತಕದಲ್ಲಿ ದೇವರಿಗೆ ದೀಪ ಇಲ್ಲ, ವಾದ್ಯ ಮುಟ್ಟುವ ಹಾಗಿಲ್ಲ. ಸಾಲಿನ ಹಿರಿಯ ಮಗ, ನಮ್ಮ ದೊಡ್ಡ ಡ್ರಮ್ಮಿನ ಹುಡುಗಿಯ ಅಪ್ಪ, ಬಾಗಿಲಲ್ಲೇ ಕೈಮುಗಿದ. “ಎಂತ ಮಾಡೂದು ಅಕ್ಕೋರೇ, ಬಾರಿಸೂಕಾಗೂದಿಲ್ಲ. ಸೂತಕ ಕಳೀಲಿ.”

ಸೂತಕ ಕಳೆಯುವಾಗ ಹದಿನೈದೂ ಕಳೆದಿತ್ತು. ಡ್ರಮ್ಮಿಲ್ಲದೆ ಬರೇ ಬ್ಯೂಗಲ್ ಊದಿಕೊಂಡು ಕಾರವಾರದ ಮೈದಾನದ ಪಥಸಂಚಲನದಲ್ಲಿ ನಡೆಯಲು ಬರುತ್ತದೆಯೇ? ನಾವು ಹೋಗಲೇ ಇಲ್ಲ. ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿ ಹಾಕಿಕೊಂಡು ಮಕ್ಕಳು ಜಗುಲಿಯ ಮೇಲೆ ಸಾಲಾಗಿ ಕೂತಿದ್ದರು. ಶಾಲೆಯ ಸಮಿತಿಯ ಅಧ್ಯಕ್ಷರು ಮಾತ್ರ ಸ್ಪಷ್ಟವಾಗಿ ಹೇಳಿದರು, “ಬರೂ ವರ್ಷವೂ ಇದೇ ಕತೆ ಆದ್ರೆ ಡ್ರಮ್ ಬೇರೆ ಶಾಲೆಗೆ ಕೊಟ್ಬಿಡ್ವ. ಅಲ್ಲಾದ್ರೂ ಸದ್ದು ಬರ್ಲಿ.”

ಈ ವರ್ಷ ಮಳೆ ಹಿಡಿದದ್ದೇ ಎಲ್ಲರ ಕಣ್ಣು ಸಾಲಿನ ಕೊನೆಯ ಮನೆಯ ಅಜ್ಜಿಯ ಮೇಲೆ. ಆ ಹಿರಿಯ ಮಗನ ತಾಯಿ. ಕುಟುಂಬಕ್ಕೆಲ್ಲ ಹಿರಿಯಳು, ಉಬ್ಬಸದವಳು. ನಮ್ಮ ದೊಡ್ಡ ಡ್ರಮ್ಮು ಮಳೆಗಾಲವಿಡೀ ಇರುವುದು ಅವಳ ಮನೆಯಲ್ಲೇ, ಬಚ್ಚಲೊಲೆಯ ಮುಂದೆ. ಆ ಒಲೆಯ ಕೆಂಡ ಆರುವುದಿಲ್ಲ. ದಿನಕ್ಕೆ ಎರಡು ಸಲ ಅಜ್ಜಿ ಡ್ರಮ್ಮನ್ನು ಮಗುವಿನ ಹಾಗೆ ಮಗ್ಗುಲು ತಿರುಗಿಸಿ ಇಡುತ್ತಾಳೆ. ನಾನು ಸಂಜೆ ಬಸ್ಸಿಗೆ ಮೊದಲು ಒಮ್ಮೆ ಇಣುಕುತ್ತಿದ್ದೆ.

“ಅಕ್ಕೋರು ಡ್ರಮ್ ನೋಡೂಕೆ ಬಂದದ್ದಾ, ನನ್ನ ನೋಡೂಕಾ?”

“ಇಬ್ಬರನ್ನೂ, ಅಜ್ಜೀ.”

“ಇಬ್ರದ್ದೂ ಚರ್ಮ ಸಡ್ಲ ಆಗದೆ. ಒಂದು ಒಲೆ ಮುಂದೆ ಇಟ್ರೆ ಬಿಗೀತದೆ, ಇನ್ನೊಂದು ಇಲ್ಲ.” ನಕ್ಕು ನಕ್ಕು ಕೆಮ್ಮು ಹತ್ತಿ, ಸಾವರಿಸಿಕೊಂಡು, “ಹೆದರ್ಬೇಡಿ ಮಾರಾಯ್ತಿ. ಹದಿನೈದರ ತನಕ ನಾ ಎಲ್ಲೂ ಹೋಗೂದಿಲ್ಲ. ಹದಿನಾರಕ್ಕೆ ನನ್ನ ಕೇಳ್ಬೇಡಿ” ಅಂದಳು.

ನನಗೆ ಎಲ್ಲಿ ಮುಖ ಇಡಲಿ ಅನ್ನಿಸಿತು. ನಾನು ಅವಳ ಉಸಿರು ಎಣಿಸುವುದು ಅವಳಿಗೆ ತಿಳಿಯದೆ ಇರುತ್ತದೆಯೇ?

ಬ್ಯೂಗಲ್ಲಿನ ಮಕ್ಕಳಿಗೂ ಆ ಬಚ್ಚಲೇ ಆಸ್ಪತ್ರೆ. ಊದಿ ಊದಿ ತುಟಿ ಒಡೆದರೆ ಓಡಿ ಬರುತ್ತಿದ್ದರು. ಅಜ್ಜಿ ಗೋಡೆಯ ಗೂಡಿನಲ್ಲಿದ್ದ ಬಾಟಲಿಗೆ ಬೆರಳದ್ದಿ ಅವರ ತುಟಿಗೆ ಜೇನು ಸವರುತ್ತಿದ್ದಳು. ಅದು ಹಿಲ್ಲೂರಿನ ಜೇನು. ಅವಳ ಮೈದುನನ ಮಗ ಊರು ಬಿಡುವಾಗ ಸಾಲಿನ ಜೊತೆ ಬರದೆ, ಹೆಂಡತಿಯ ಕಡೆಯವರಿರುವ ಹಿಲ್ಲೂರಿಗೆ ಹೋದವನು, ಕಾಡಂಚಿನಲ್ಲಿ ಜೇನು ಇಳಿಸಿ ಇವಳಿಗೆ ತಪ್ಪದೆ ಕಳಿಸುತ್ತಿದ್ದ. “ಅವ ಹುಟ್ಟಿದ್ದೇ ಅವ್ನ ಅವ್ವಿ ಹೋದ್ಲು. ನನ್ನ ಹಾಲು ಕುಡ್ದು ದೊಡ್ಡಾದವ. ಈಗ ನಂಗೆ ಸಿಹಿ ಕುಡಿಸ್ತ” ಎಂದು ಅಜ್ಜಿ ಬಾಟಲಿ ತೆಗೆದಾಗಲೆಲ್ಲ ಹೇಳುತ್ತಿದ್ದಳು. ಬ್ಯೂಗಲ್ಲಿನ ಮಕ್ಕಳಿಗೂ ಆ ಮಾತು ಬಾಯಿಪಾಠ.

ಹದಿನೈದು ಬಂತು. ಅಜ್ಜಿ ಇದ್ದಳು. ಮಳೆಯೂ ಆ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತು. ಶಾಲೆಯ ಮುಂದೆ ಟೆಂಪೋ ನಿಂತಿತ್ತು. ಮಕ್ಕಳೂ, ಅವರನ್ನು ನೋಡಲೆಂದು ಸಾಲಿನ ಗಂಡಸರು ಹೆಂಗಸರೂ ಆಗಲೇ ಹತ್ತಿಯಾಗಿತ್ತು. ದೊಡ್ಡ ಡ್ರಮ್ಮನ್ನು ಮಾತ್ರ ಕೊನೆ ಗಳಿಗೆಯವರೆಗೆ ಒಲೆಯ ಮುಂದೆ ಬಿಡುವುದು ನನ್ನ ಪದ್ಧತಿ. ತರಲು ನಾನೇ ಹೋದೆ. ಅಜ್ಜಿ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಚರ್ಮಕ್ಕೆ ಬೆರಳಲ್ಲಿ ತಟ್ಟಿ ನೋಡುತ್ತಿದ್ದಳು. ‘ಟಣ್’ ಅಂದಿತು. “ಕೇಳಿದ್ರಾ?” ಎಂದು ನನ್ನತ್ತ ತಿರುಗಿದಳು.

ಅಷ್ಟರಲ್ಲಿ ಗೂಡಿನಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಮೊಮ್ಮಗಳು ಅದನ್ನು ಯಾವಾಗಲೂ ಸ್ಪೀಕರಿಗೇ ಇಟ್ಟಿರುತ್ತಾಳೆ. ಒತ್ತಿದ ಕೂಡಲೆ ಬಚ್ಚಲು ತುಂಬ ಒಬ್ಬ ಗಂಡಸಿನ ದನಿ.

“ಹಿಲ್ಲೂರಿಂದ ಮಾತಾಡೂದು ಅಮ್ಮಾ, ಬದಿ ಮನೆಯವ. ನಿಮ್ಮ ಹುಡ್ಗ ಹೋದ್ನಲ್ರೋ... ಬೆಳಗಿನ ಜಾವ ಎದೆನೋವು ಅಂದ, ಅಂಕೋಲೆಗೆ ತರೂದ್ರೊಳಗೆ... ಬೇರೆ ಯಾರ ಫೋನೂ ಹತ್ತಲಿಲ್ಲ. ನೀವೆಲ್ಲ ಹೊರಡಿ. ಮುಖ ನೋಡೂಕೆ ಮಧ್ಯಾಹ್ನದ ತನಕ ಇಟ್ಕಂತ್ರು.”

ಅಜ್ಜಿ ಚರ್ಮದ ಮೇಲಿನ ಕೈ ತೆಗೆದಳು. ಬಾಯಿ ತೆರೆಯಿತು. ನಮ್ಮ ಕಡೆ ಸಾವಿನ ಸುದ್ದಿ ಮುಟ್ಟಿದರೆ ಮನೆಯ ಹಿರಿಯ ಹೆಂಗಸು ಮೊದಲು ದನಿ ಎತ್ತಿ ಅಳಬೇಕು. ಆ ದನಿ ಕೇಳಿ ಕೇರಿ ಕೂಡುತ್ತದೆ. ದನಿ ಬರಲಿಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಆಮೇಲೆ ಅದನ್ನು ಬಿಟ್ಟು, ಫೋನಿಗೆ ಹೇಳಿದಳು, “ಕಾಯ್ಬೇಡಿ ತಮಾ. ಮುಂದಿನ ಕೆಲ್ಸ ಮಾಡಿ. ಇಲ್ಲಿ ಎಲ್ಲರಿಗೂ ನಾನೇ ಹೇಳ್ತೆ. ನೀವು ಇನ್ಯಾರಿಗೂ ಫೋನ್ ಮಾಡೂದು ಬ್ಯಾಡ.”

ಫೋನು ಸುಮ್ಮನಾಯಿತು.

“ಅಜ್ಜೀ, ಬೇಡ. ಟೆಂಪೋ ಇದೆಯಲ್ಲ, ಎಲ್ಲರೂ ಹಿಲ್ಲೂರಿಗೇ ಹೋಗಲಿ. ಬ್ಯಾಂಡು ಹೋದರೆ ಹೋಯಿತು.”

“ಸೂತಕ ಕೇಳಿದವ್ರಿಗೆ. ಕೇಳಿದ್ದು ನಾನು. ಅವ್ರು ಕೇಳಲಿಲ್ಲ.”

“ನಾನೂ ಕೇಳಿದೆ.”

“ನೀವು ನಮ್ಮ ಕುಟುಂಬದವ್ರಲ್ಲ.”

“ಅವನ ಮುಖ ನೋಡುವುದು ಬೇಡವೇ?”

ಅವಳು ನನ್ನನ್ನೇ ನೋಡಿದಳು. “ಹೋದ ವರ್ಷ ಜಗುಲಿ ಮೇಲೆ ಈ ಮಕ್ಕಳ ಮುಖ ನೋಡಿದ್ರಲ್ಲ ನೀವು. ಬಾಯಿ ಮುಚ್ಚಿ ನಡೀರಿ. ಡ್ರಮ್ ನೀವೇ ಎತ್ತಿ, ನಾ ಇನ್ನು ಮುಟ್ಟೂಕಾಗ.” ದಿನವೂ ಅದರ ಮಗ್ಗುಲು ತಿರುಗಿಸುತ್ತಿದ್ದ ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಗೆ ಸರಿದಳು.

ಡ್ರಮ್ಮು ಬೆಚ್ಚಗಿತ್ತು. ಎದೆಗವಚಿಕೊಂಡು ಹೊರಟೆ. ಆಚೆ ಹಿರಿಯ ಮಗ ಟೆಂಪೋದಿಂದ ಕೈಚಾಚಿ ಅದನ್ನು ಇಸಿದುಕೊಂಡ. “ಎಂತ ತಡ ಅಕ್ಕೋರೇ? ನಮ್ಮ ಅವ್ವಿ ಕತೆ ಸುರು ಮಾಡ್ತಾ?” ಎಲ್ಲರೂ ನಕ್ಕರು. ನಾನು ಬಾಯಿ ತೆರೆದರೆ ಸೂತಕ ಅವರೆಲ್ಲರ ಮೇಲೆ ಬೀಳುತ್ತಿತ್ತು. ತೆರೆಯದಿದ್ದರೆ ಅಣ್ಣತಮ್ಮಂದಿರಿಗೆ ಸತ್ತವನ ಮುಖ ಸಿಗುತ್ತಿರಲಿಲ್ಲ. ಟೆಂಪೋ ಹೊರಟಿತು. ಬೈತಖೋಲದ ಹತ್ತಿರ ಬೋಟುಗಳಿಗೆಲ್ಲ ಬಾವುಟ ಕಟ್ಟಿದ್ದು ಕಂಡು ಮಕ್ಕಳು ಕೂಗಿದರು. ನಾನು ಹಿಲ್ಲೂರಿನ ದಾರಿಯನ್ನು ಲೆಕ್ಕ ಹಾಕುತ್ತಿದ್ದೆ. ಈಗ ತಿರುಗಿದರೆ ಮುಟ್ಟಬಹುದು, ಈಗ ತಿರುಗಿದರೂ ಮುಟ್ಟಬಹುದು, ಈಗ... ಎಂದುಕೊಳ್ಳುತ್ತಲೇ ಕಾರವಾರ ಬಂತು.

ಅಂದು ಬಾರಿಸಿದ ಹಾಗೆ ಆ ಮಕ್ಕಳು ಎಂದೂ ಬಾರಿಸಿರಲಿಲ್ಲ. ದೊಡ್ಡ ಡ್ರಮ್ಮಿನ ಹುಡುಗಿ ಹೊಡೆದರೆ ಮೈದಾನದ ಆಚೆ ಬದಿಯ ಕಾಗೆಗಳು ಏಳುತ್ತಿದ್ದವು. ಬ್ಯೂಗಲ್ಲುಗಳು ಒಂದೇ ಗಂಟಲಿನಿಂದ ಬಂದಂತೆ ಬಂದವು. ಬಹುಮಾನ ಬರಲಿಲ್ಲ. ಆದರೆ ಸಮಿತಿಯ ಅಧ್ಯಕ್ಷರು ನನ್ನ ಕೈಗೊಂದು ಲಾಡು ಇಟ್ಟು, “ಡ್ರಮ್ ಎಲ್ಲೂ ಹೋಗೂದಿಲ್ಲ ಅಕ್ಕೋರೇ, ನಿಮ್ಮಲ್ಲೇ ಇರ್ಲಿ” ಅಂದರು. ವರ್ಷವಿಡೀ ಕಾದದ್ದು ಈ ಒಂದು ಮಾತಿಗೆ. ಲಾಡನ್ನು ತಿನ್ನದೆ ಕರ್ಚೀಪಿನಲ್ಲಿ ಕಟ್ಟಿಟ್ಟೆ.

ತಿರುಗಿ ಬಂದು ಹೆದ್ದಾರಿಯಲ್ಲಿ ಇಳಿದದ್ದೇ ಮಕ್ಕಳು ಸಾಲುಗಟ್ಟಿದರು. “ಇಲ್ಲಿ ಬಾರಿಸುವುದು ಬೇಡ, ಸಾಕು, ದಣಿದಿದ್ದೀರಿ” ಅಂದೆ.

“ಎಂತಕೆ ಬ್ಯಾಡ?” ಹಿರಿಯ ಮಗನಿಗೆ ಆಶ್ಚರ್ಯ. “ಮೈದಾನಕ್ಕೆ ಬರೂಕಾಗದ್ದು ಅವ್ವಿ ಒಬ್ಳಿಗೇ. ಅದಕ್ಕೆ ಕೇಳೂದು ಬ್ಯಾಡವಾ? ಬಾರ್ಸ್ರೋ!”

ಬಾರಿಸಿದರು. ನಾನು ಹಿಂದೆ ಹಿಂದೆ ನಡೆದೆ. ಅಜ್ಜಿ ಹೊಸ್ತಿಲಾಚೆ ನೆಲದ ಮೇಲೆ ಕೂತಿದ್ದಳು. ಮುಡಿ ಬಿಚ್ಚಿತ್ತು. ಅವಳು ಕೈಯೆತ್ತಿ ತಡೆಯಲಿಲ್ಲ. ಅಂಗಳದಲ್ಲಿ ಕೊನೆಯ ಪೆಟ್ಟು ಬೀಳುವವರೆಗೆ ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಅಂದಳು, “ಕೋಲು ಕೆಳಗಿಡಿ, ಮಕ್ಕಳೇ. ಎಲ್ರೂ ಇಡಿ.”

ಇಟ್ಟರು. ಆಗ ದನಿ ಎತ್ತಿದಳು.

ಬೆಳಗಿನಿಂದ ಕಟ್ಟಿಟ್ಟ ದನಿ ಅದು. ಅದನ್ನು ಬರೆದು ತೋರಿಸುವ ಶಕ್ತಿ ನನಗಿಲ್ಲ. ಸಾಲಿನ ಹೆಂಗಸರು ಓಡಿ ಬಂದು ಸುತ್ತ ಕೂತರು. ಅಳುವಿನ ನಡುವೆಯೇ ಸುದ್ದಿ ಎಲ್ಲರಿಗೂ ತಿಳಿಯಿತು, ಯಾವಾಗ ಬಂದದ್ದು ಎಂಬುದೂ ತಿಳಿಯಿತು. ಹಿರಿಯ ಮಗ ನನ್ನ ಕಡೆ ತಿರುಗಿದ.

“ನಿಮಗೆ ಗೊತ್ತಿತ್ತಾ ಅಕ್ಕೋರೇ?”

“ಗೊತ್ತಿತ್ತು.”

“ಅವ್ರು ಬ್ಯಾಡ ಅಂದ್ರು. ನಾನೇ ಕಳ್ಸಿದ್ದು” ಎಂದು ಅಜ್ಜಿ ಅಳುತ್ತಲೇ ಕೂಗಿದಳು. ಅವನು ಮಗಳ ಹೆಗಲಿನಿಂದ ಡ್ರಮ್ಮಿನ ಪಟ್ಟಿ ಬಿಚ್ಚಲು ಕೈ ಚಾಚಿದವನು, ಸೂತಕ ನೆನಪಾಗಿ ಹಿಂದೆಗೆದ. “ನೀವೇ ತೆಗೀರಿ” ಅಂದ. ಬೈಕು ಹತ್ತಿ ಹಿಲ್ಲೂರಿಗೆ ಹೋದ. ಅಲ್ಲಿ ಅವನಿಗೆ ಸಿಕ್ಕಿದ್ದು ಬೂದಿ.

ಡ್ರಮ್ಮುಗಳನ್ನು ನಾನೂ ಬ್ಯೂಗಲ್ಲಿನ ಮಕ್ಕಳೂ ಹೊತ್ತು ಶಾಲೆಗೆ ಸೇರಿಸಿದೆವು. ಸೂತಕ ಕಳೆಯುವಷ್ಟರಲ್ಲಿ ದೊಡ್ಡದು ಮತ್ತೆ ಜೋತುಬಿದ್ದಿತ್ತು. ಆ ಮೇಲೆ ಹಿರಿಯ ಮಗನೇ ಒಂದು ಸಂಜೆ ಬಂದು ಅದನ್ನು ಹೆಗಲ ಮೇಲಿಟ್ಟುಕೊಂಡು ಬಚ್ಚಲೊಲೆಗೆ ಒಯ್ದ. ಮಗಳನ್ನು ಪ್ರಾಕ್ಟೀಸಿಗೆ ಕಳಿಸುತ್ತಾನೆ. ನನ್ನ ಹತ್ತಿರ ಮಾತ್ರ ಮೊದಲಿನ ಹಾಗೆ ತಮಾಷೆ ಆಡುವುದಿಲ್ಲ. ನಾನೂ ಕೇಳುವ ಹಾಗಿಲ್ಲ.

ಈಗ ಹೊಸ ಮಕ್ಕಳಿಗೆ ಡ್ರಮ್ಮು ಕೊಡುವ ಮೊದಲು “ನಿಮ್ಮದು ಯಾವ ಕುಟುಂಬ?” ಎಂದು ಕೇಳುತ್ತೇನೆ. ಸಂಬಂಧ ನೋಡಲು ಬಂದವಳೆಂದು ತಾಯಂದಿರು ನಗುತ್ತಾರೆ. ಬ್ಯಾಂಡು ಬೆಳೆದಿದೆ, ಮೂರು ಕೇರಿಗೆ ಹಬ್ಬಿದೆ.

ಅಜ್ಜಿ ಇದ್ದಾಳೆ. ಗೂಡಿನ ಬಾಟಲಿಯ ತಳದಲ್ಲಿ ಬೆರಳಿಗೆ ಹತ್ತುವಷ್ಟು ಜೇನಿದೆ. ಮುಂಚೆ ಬೆರಳು ಅದ್ದುತ್ತಿದ್ದವಳು ಈಗ ಕಡ್ಡಿ ಅದ್ದುತ್ತಾಳೆ. ನಾನು ಅಂಕೋಲೆಯ ಅಂಗಡಿಯಿಂದ ಒಂದು ಬಾಟಲಿ ತಂದು ಪಕ್ಕದಲ್ಲಿಟ್ಟು ಬಂದೆ. ಪ್ರಾಕ್ಟೀಸಿನ ದಿನ ಹೋದಾಗಲೆಲ್ಲ ನೋಡುತ್ತೇನೆ, ಅದರ ಮುಚ್ಚಳದ ಸೀಲು ಇನ್ನೂ ಒಡೆದಿಲ್ಲ.